ಕಿಟಕಿಯ ಕಣಜ: ಯಾರ ಜೊತೆ ಬಾಳುವುದು?

ನಮ್ಮದು ಭಾಂಡುಪ್ ಪಶ್ಚಿಮ. ಸ್ಟೇಷನ್ನಿನಿಂದ ಎಲ್.ಬಿ.ಎಸ್. ಮಾರ್ಗ ದಾಟಿ ಗುಡ್ಡದ ಕಡೆ ಏರುತ್ತ ಹೋದರೆ ಸಿಗುವ ಒಂದು ಹಳೆಯ ಚಾಳು. ಹಿಂದೆ ರಾಷ್ಟ್ರೀಯ ಉದ್ಯಾನದ ಕಾಡು ಹತ್ತಿರವೇ ಇರುವುದರಿಂದ ನಮ್ಮಲ್ಲಿಗೆ ಬರುವ ನೆಂಟರಲ್ಲಿ ಮನುಷ್ಯರಿಗಿಂತ ಹುಳುಹುಪ್ಪಟೆಯೇ ಜಾಸ್ತಿ. ಈ ವರ್ಷ ಅಡಿಗೆಮನೆಯ ಕಿಟಕಿಯ ಮೇಲೆ, ಸಜ್ಜಾದ ಅಡಿಯಲ್ಲಿ ಕಣಜಗಳು ಗೂಡು ಕಟ್ಟಿದವು. ಪಕ್ಕದ ಮನೆ ಮಾವಶಿಯ ಮೊಮ್ಮಗ ಪೊರಕೆಯ ತುದಿಯಿಂದ ಅದನ್ನು ಕೆದಕಿದ. ಮುಂಗೈ ಬನ್ನಿನ ಹಾಗೆ ಊದಿತು. ‘ಗಾಂಧೀಲಮಾಶಿ! ಗಾಂಧೀಲಮಾಶಿ!’ ಎಂದು ಇಡೀ ಚಾಳು ಗ್ಯಾಲರಿಯಲ್ಲಿ ಸೇರಿತು. ಗೂಡನ್ನು ತೆಗೆಸಲೇಬೇಕು ಎಂದು ತೀರ್ಮಾನವಾಯಿತು. ನಾನು ಹದಿನೈದು ದಿನ ಬೇಡಿಕೊಂಡೆ. “ಯಾಕೋ, ಅದರಲ್ಲಿ ಜೇನು ಬರ್ತದಾ?” ಎಂದು ಒಬ್ಬರು ಕೇಳಿದರು. ಜೇನೂ ಇಲ್ಲ, ಮೇಣವೂ ಇಲ್ಲ. ಬಿ.ಎಸ್ಸಿ.ಯ ಪ್ರಾಜೆಕ್ಟಿಗೆ ಬೇಕು ಎಂದೆ. ಅದು ಅರ್ಧ ನಿಜ. ಹದಿನೈದು ದಿನ ಸಿಕ್ಕಿತು.

ಆ ಹದಿನೈದು ದಿನ ನೋಡಿದ್ದು, ಅದರ ಬೆನ್ನಿಗೆ ಓದಿದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಸಾಹಿತ್ಯ ಕೂಟದ ಪತ್ರಿಕೆಗೆ ಹುಳದ ಲೇಖನವೇ ಎಂದು ಸಂಪಾದಕ ಗೆಳೆಯರು ಮೂಗು ಮುರಿದರು. ‘ಕಣಜ’ ಎಂಬ ಶಬ್ದಕ್ಕೆ ಕಾಳು ತುಂಬಿಡುವ ಕಣಜ, ಕುಟುಕುವ ಕಣಜ ಎಂದು ಎರಡರ್ಥ ಉಂಟಲ್ಲ, ಶ್ಲೇಷಾಲಂಕಾರವೆಂದು ಹಾಕಿಕೊಳ್ಳಿ ಎಂದೆ. ಒಪ್ಪಿದರು.

ಮೊದಲು ಗೂಡಿನ ವಿಷಯ. ಬೂದು ಬಣ್ಣದ, ಕಾಗದದಂಥ ವಸ್ತುವಿನಿಂದ ಮಾಡಿದ ಆರು ಮೂಲೆಯ ಕೋಣೆಗಳು, ಸಣ್ಣ ತೊಟ್ಟಿನಿಂದ ನೇತಾಡುತ್ತವೆ. ಕಣಜಗಳು ಗಿಡದ ನಾರನ್ನು ಕೆರೆದು ತಂದು, ಎಂಜಲಿನಲ್ಲಿ ಅಗಿದು ಈ ಕಾಗದ ತಯಾರಿಸುತ್ತವೆ. ಹೊದಿಕೆಯಿಲ್ಲ. ಹಾಗಾಗಿ ಒಳಗಿನ ಸಂಸಾರವೆಲ್ಲ ನೋಡುವವನಿಗೆ ಬಟ್ಟಬಯಲು. ಕೆಲವು ಕೋಣೆಗಳಲ್ಲಿ ಮೊಟ್ಟೆ, ಕೆಲವದರಲ್ಲಿ ಮರಿಹುಳ, ಇನ್ನು ಕೆಲವಕ್ಕೆ ಬಿಳಿಯ ಮುಚ್ಚಳ. ಮುಚ್ಚಳದ ಒಳಗೆ ಹುಳ ಕಣಜವಾಗುತ್ತಿರುತ್ತದೆ. ಮೇಲೆ ಕೆಂಗಂದು ಬಣ್ಣದ, ಅಲ್ಲಲ್ಲಿ ಹಳದಿ ಗುರುತಿನ ಹೆಣ್ಣು ಕಣಜಗಳು. ನಾನು ಒಮ್ಮೆಗೆ ಹತ್ತೊಂಬತ್ತರವರೆಗೆ ಎಣಿಸಿದ್ದೇನೆ. ಗಂಡುಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಗೂಡು ಬಿಟ್ಟು ಅಲೆಮಾರಿಗಳಾಗಿ ಹೋಗುತ್ತವೆ. ಮನೆಗೆಲಸಕ್ಕೂ ಅವುಗಳಿಗೂ ಸಂಬಂಧ ಅಷ್ಟಕ್ಕಷ್ಟೆ. ಫೋನಿನಲ್ಲಿ ತೆಗೆದ ಚಿತ್ರ ನೋಡಿ ಪ್ರಾಣಿಶಾಸ್ತ್ರದ ಮೇಡಂ ಇದು ರೋಪಲಿಡಿಯಾ ಮಾರ್ಜಿನೇಟಾ ಎಂದರು. ದಕ್ಷಿಣ ಭಾರತದಲ್ಲೆಲ್ಲ ಇರುವ ಸಾಮಾನ್ಯ ಕಣಜ. ಆದರೆ ಲೋಕದ ವಿಜ್ಞಾನಿಗಳಿಗೆ ಇದರ ಪರಿಚಯ ಮಾಡಿಸಿಕೊಟ್ಟದ್ದು ಮುಖ್ಯವಾಗಿ ಬೆಂಗಳೂರು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೂರ್ನಾಲ್ಕು ದಿನ ನೋಡಿದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಇದು. ಮೊಟ್ಟೆ ಇಡುವುದು ಒಂದೇ ಕಣಜ. ಉಳಿದವೆಲ್ಲ ಹೆಣ್ಣೇ ಆದರೂ ಇಡುವುದಿಲ್ಲ. ಹೊರಗೆ ಹೋಗಿ ಕಂಬಳಿಹುಳ, ಜೇಡ ಹಿಡಿದು ತಂದು, ಉಂಡೆ ಮಾಡಿ, ಇನ್ನೊಬ್ಬಳ ಮಕ್ಕಳಿಗೆ ತಿನ್ನಿಸುತ್ತವೆ. ಯಾಕೆ? ತಾನು ಹೆತ್ತು ವಂಶ ಬೆಳೆಸುವ ಜೀವಿಯ ಗುಣ ಮುಂದಿನ ತಲೆಮಾರಿನಲ್ಲಿ ಹೆಚ್ಚುತ್ತದೆ, ಹೆರದ ಜೀವಿಯ ಗುಣ ಅಳಿಯುತ್ತದೆ ಎಂಬುದಲ್ಲವೆ ನಿಸರ್ಗದ ಆಯ್ಕೆಯ ಸೂತ್ರ? ಹಾಗಾದರೆ ಹೆರದೆ ಚಾಕರಿ ಮಾಡುವ ಗುಣ ಯಾವತ್ತೋ ನಿರ್ನಾಮವಾಗಬೇಕಿತ್ತು. 1859ರಲ್ಲಿ ಡಾರ್ವಿನ್ನನೇ ತನ್ನ ಗ್ರಂಥದಲ್ಲಿ ಬಂಜೆ ಕೆಲಸಗಾರ ಕೀಟಗಳನ್ನು ತನ್ನ ವಾದಕ್ಕೆ ಬಂದ ವಿಶೇಷ ತೊಡಕು ಎಂದು ಎತ್ತಿಕೊಂಡಿದ್ದ.

ನಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. 1964ರಲ್ಲಿ ಇಂಗ್ಲೆಂಡಿನ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಕೊಟ್ಟದ್ದು. ನನ್ನ ಗುಣಾಣುಗಳು ನನ್ನ ಮಕ್ಕಳಲ್ಲಿ ಮಾತ್ರವಲ್ಲ, ನನ್ನ ಒಡಹುಟ್ಟಿದವರಲ್ಲೂ ಇರುತ್ತವೆ. ಆದ್ದರಿಂದ ನೆರವಿನಿಂದ ಬಂಧುವಿಗೆ ಆಗುವ ಲಾಭವನ್ನು ನೆಂಟಸ್ತಿಕೆಯ ಪಾಲಿನಿಂದ ಗುಣಿಸಿದಾಗ, ಅದು ನೆರವು ಕೊಟ್ಟವನ ನಷ್ಟಕ್ಕಿಂತ ಹೆಚ್ಚಿದ್ದರೆ ನೆರವಿನ ಗುಣ ಉಳಿಯುತ್ತದೆ. ಕಣಜ, ಜೇನು, ಇರುವೆಗಳಲ್ಲಿ ಇನ್ನೊಂದು ವಿಚಿತ್ರವಿದೆ. ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಅದಕ್ಕೆ ವರ್ಣತಂತುಗಳ ಒಂದೇ ಸೆಟ್ ಇರುವುದರಿಂದ ಅದು ಎಲ್ಲ ಹೆಣ್ಣುಮಕ್ಕಳಿಗೂ ಒಂದೇ ಆಸ್ತಿ ಹಂಚುತ್ತದೆ. ಹೀಗಾಗಿ ಒಂದೇ ತಂದೆ ತಾಯಿಯ ಅಕ್ಕತಂಗಿಯರ ನೆಂಟಸ್ತಿಕೆ 0.75. ತಾಯಿ ಮಗಳದ್ದು 0.5 ಮಾತ್ರ. ಸ್ವಂತ ಮಗಳಿಗಿಂತ ತಂಗಿ ಹತ್ತಿರದವಳು! ಆಹಾ, ಎಷ್ಟು ಚೆಂದದ ಲೆಕ್ಕ. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಮಾರ್ಕು.

ಈ ಲೆಕ್ಕ ನಮ್ಮ ಕಿಟಕಿಯ ಕಣಜಕ್ಕೆ ಹೊಂದುವುದಿಲ್ಲ. ಅದನ್ನು ತೋರಿಸಿಕೊಟ್ಟವರು ರಾಘವೇಂದ್ರ ಗದಗಕರ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಗ ಅಲ್ಲಿನ ಕಿಟಕಿಗಳಲ್ಲಿ ಈ ಗೂಡುಗಳನ್ನು ಕಂಡವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರೂ ಕೊನೆಗೆ ಕಿಟಕಿಯ ಕಣಜಕ್ಕೇ ಮರಳಿದರು. ಅವರೂ ಅವರ ಶಿಷ್ಯರೂ ದಶಕಗಟ್ಟಲೆ ಇದೊಂದೇ ಜಾತಿಯ ಹಿಂದೆ ಬಿದ್ದು, ಪ್ರತಿ ಕಣಜಕ್ಕೂ ಬಣ್ಣದ ಚುಕ್ಕಿಯಿಟ್ಟು, ಯಾವುದು ಏನು ಮಾಡಿತು ಎಂದು ಬರೆದಿಟ್ಟರು. 2001ರಲ್ಲಿ ಇದರ ಮೇಲೇ ಅವರ ಒಂದು ದೊಡ್ಡ ಪುಸ್ತಕ ಬಂತು. ಅವರು ಕಂಡದ್ದೇನೆಂದರೆ, ಇಲ್ಲಿಯ ರಾಣಿ ಒಂದೇ ಗಂಡಿನೊಡನೆ ಕೂಡುವುದಿಲ್ಲ. ತಂದೆ ಬೇರೆಯಾದರೆ ಅಕ್ಕತಂಗಿಯರ ನೆಂಟಸ್ತಿಕೆ 0.75ರಿಂದ ಇಳಿದು ಅರ್ಧದ ಹತ್ತಿರಕ್ಕೆ ಬರುತ್ತದೆ. ಸಾಲದ್ದಕ್ಕೆ ಗೂಡು ವರ್ಷಾನುಗಟ್ಟಲೆ ನಡೆಯುವಾಗ ಒಬ್ಬ ರಾಣಿಯ ನಂತರ ಇನ್ನೊಬ್ಬಳು ಬರುತ್ತಾಳೆ. ಆಗ ಕೆಲಸಗಾರಳು ಸಾಕುತ್ತಿರುವುದು ತಂಗಿಯನ್ನಲ್ಲ. ಅಕ್ಕನ ಮಗಳನ್ನೋ ಚಿಕ್ಕಮ್ಮನ ಮೊಮ್ಮಗಳನ್ನೋ. ನೆಂಟಸ್ತಿಕೆ ಅರ್ಧಕ್ಕಿಂತಲೂ ಕೆಳಗೆ. ಬರಿಯ ರಕ್ತಸಂಬಂಧದ ಲೆಕ್ಕ ಹಿಡಿದರೆ ಅವಳು ಗೂಡು ಬಿಟ್ಟು ಹೋಗಿ ತನ್ನ ಸಂಸಾರ ಹೂಡುವುದೇ ಲೇಸು.

ಹೋಗುವುದಕ್ಕೆ ಅಡ್ಡಿಯೂ ಇಲ್ಲ. ಚಳಿದೇಶದ ಕಣಜಗಳ ಗೂಡು ಚಳಿಗಾಲಕ್ಕೆ ಮುಗಿದುಹೋಗುತ್ತದೆ. ನಮ್ಮಲ್ಲಿ ಹಾಗಲ್ಲ, ವರ್ಷವಿಡೀ ಗೂಡು ಕಟ್ಟುತ್ತವೆ. ಯಾವ ಹೆಣ್ಣು ಬೇಕಾದರೂ ಯಾವತ್ತು ಬೇಕಾದರೂ ಹೊರಟು ಒಂಟಿಯಾಗಿಯೋ ನಾಲ್ವರ ಜೊತೆಗೋ ಹೊಸ ಗೂಡು ಆರಂಭಿಸಬಹುದು. ಕೆಲವು ಹಾಗೆ ಮಾಡುತ್ತವೆ ಕೂಡ. ಇದ್ದ ಗೂಡಿನಲ್ಲೇ ಕೆಲಸಗಾರಳಾಗಿ ಉಳಿದವಳು ಮುಂದೆ ರಾಣಿಯಾಗಲೂಬಹುದು. ಜೇನುನೊಣದ ಹಾಗೆ ಹುಟ್ಟಿನಲ್ಲೇ ‘ನೀನು ಆಳು, ನೀನು ಅರಸಿ’ ಎಂದು ಹಣೆಯಲ್ಲಿ ಬರೆದಿರುವುದಿಲ್ಲ. ಅಂದಮೇಲೆ ಯಾರ ಜೊತೆ ಬಾಳುವುದು ಎಂಬುದು ಈ ಹುಳಕ್ಕೆ ದಿನದಿನದ ಪ್ರಶ್ನೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ‘ನಿಸರ್ಗದ ಆಯ್ಕೆ’ ಎಂಬಲ್ಲಿ ಆಯ್ಕೆ ಮಾಡುವ ಯಾರೋ ಒಬ್ಬರು ಕೂತಿಲ್ಲ. ಯಾವ ಗುಣದವು ಹೆಚ್ಚು ಸಂತಾನ ಬಿಟ್ಟವು ಎಂಬ ಜಮಾಖರ್ಚಿಗೆ ಇಟ್ಟ ಹೆಸರು ಅದು. ಕಣಜದ ‘ಆಯ್ಕೆ’ಯಲ್ಲೂ ಕೂತು ಯೋಚಿಸುವುದಿಲ್ಲ, ಉಳಿಯುತ್ತದೆ, ಹೋಗುತ್ತದೆ, ಸೇರಿಸಿಕೊಳ್ಳುತ್ತದೆ, ಓಡಿಸುತ್ತದೆ, ಅಷ್ಟೆ. ಆದರೆ ಈ ಎರಡನೆಯ ಆಯ್ಕೆ ಮೊದಲನೆಯದರ ಲೆಕ್ಕವನ್ನೇ ಬದಲಿಸಿಬಿಡುತ್ತದೆ. ಪರಿಸರ ಎಂದ ಕೂಡಲೇ ನಾವು ಮಳೆ, ಬಿಸಿಲು, ಶತ್ರು ಎಂದು ಪಟ್ಟಿ ಬರೆಯುತ್ತೇವೆ. ಗುಂಪಿನಲ್ಲಿ ಬಾಳುವ ಹುಳಕ್ಕೆ ಎಲ್ಲಕ್ಕಿಂತ ಹತ್ತಿರದ ಪರಿಸರವೆಂದರೆ ಪಕ್ಕದಲ್ಲಿ ಕೂತ ಇನ್ನೊಂದು ಹುಳ. ಮಳೆಯನ್ನು ಆರಿಸಿಕೊಳ್ಳಲು ಬರುವುದಿಲ್ಲ. ಪಕ್ಕದವರನ್ನು ಸ್ವಲ್ಪ ಮಟ್ಟಿಗೆ ಆರಿಸಿಕೊಳ್ಳಬಹುದು.

ಒಂಟಿಯಾಗಿ ಹೋದರೆ ಏನಾಗುತ್ತದೆ ನೋಡಿ. ಮೊಟ್ಟೆ ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ಬೆಳೆದ ಕೆಲಸಗಾರ ಕಣಜದ ಸರಾಸರಿ ಆಯುಸ್ಸು ಒಂದು ತಿಂಗಳ ಆಚೀಚೆ. ಈ ಎರಡು ಅಂಕಿಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಪಕ್ಕ ಪಕ್ಕ ಬರೆದು ಬಹಳ ಹೊತ್ತು ನೋಡುತ್ತ ಕೂತಿದ್ದೆ. ಒಂಟಿ ತಾಯಿ ನಡುವೆ ಸತ್ತರೆ ಅರ್ಧ ಬೆಳೆದ ಮರಿಗಳೆಲ್ಲ ಸಾಯುತ್ತವೆ. ಆ ತನಕ ಮಾಡಿದ ದುಡಿಮೆ ಸೊನ್ನೆ. ಗುಂಪಿನಲ್ಲಿ ಇಪ್ಪತ್ತು ದಿನ ದುಡಿದು ಸತ್ತರೂ ಅವಳು ಅರ್ಧ ಸಾಕಿದ ಮರಿಯನ್ನು ಇನ್ನೊಬ್ಬಳು ಮುಂದುವರಿಸುತ್ತಾಳೆ. ಇಪ್ಪತ್ತು ದಿನದ ಕೂಲಿ ಅವಳ ಖಾತೆಗೆ ಜಮಾ. ಗದಗಕರ್ 1990ರಲ್ಲಿ ಬರೆದ ವಾದ ಇದು. ಇನ್ನೊಂದೂ ಉಂಟು. ಹೊಸದಾಗಿ ಹುಟ್ಟಿದ ಹೆಣ್ಣುಗಳನ್ನು ಒಂದೊಂದಾಗಿ ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟು ಬೇಕಾದಷ್ಟು ಆಹಾರ ಕೊಟ್ಟರೂ ಸುಮಾರು ಅರ್ಧದಷ್ಟು ಮೊಟ್ಟೆಯನ್ನೇ ಇಡಲಿಲ್ಲ. ಅಂಥವಳಿಗೆ ಒಂಟಿತನದಲ್ಲಿ ಸಿಗುವುದೇನೂ ಇಲ್ಲ. ರಕ್ತ ಎಷ್ಟು ಹತ್ತಿರ ಎಂಬ ಒಂದು ಸಂಖ್ಯೆಗಿಂತ, ಜೊತೆಯಲ್ಲಿದ್ದರೆ ಎಷ್ಟು ಮರಿ ಉಳಿಯುತ್ತವೆ ಎಂಬ ಸಂಖ್ಯೆ ಇಲ್ಲಿ ಭಾರವಾಗಿ ತೂಗುತ್ತದೆ.

ಜೊತೆ ಬೇಕು, ಸರಿ. ಯಾರನ್ನು ಸೇರಿಸಿಕೊಳ್ಳಬೇಕು? ಈ ಭಾಗ ಓದಿದಾಗ ನನಗೆ ನಮ್ಮ ಮಾವನ ನೆನಪಾಯಿತು.

ಮಾವ ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಬೊಂಬಾಯಿಗೆ ಬಂದವರು. ಭಾಂಡುಪ್‌ನ ಒಂದು ರೂಮಿನಲ್ಲಿ ಹೋಟೆಲಿನ ಹನ್ನೊಂದು ಜನರ ಜೊತೆ ಮಲಗುತ್ತಿದ್ದರು. ರಾತ್ರಿ ಪಾಳಿಯವರು ಏಳುವಾಗ ಹಗಲು ಪಾಳಿಯವರು ಚಾಪೆಗೆ. ಹೊಸಬರನ್ನು ಹೇಗೆ ಸೇರಿಸಿಕೊಳ್ಳುತ್ತಿದ್ದಿರಿ ಎಂದು ಕೇಳಿದೆ. “ಸಣ್ಣ ಮಕ್ಕಳನ್ನು ಯಾರೂ ಬೇಡ ಅನ್ನುದಿಲ್ಲ ಮಾರಾಯ. ಮೀಸೆ ಬಂದವ ಗಂಟು ಹಿಡ್ಕೊಂಡು ಬಂದ್ರೆ ಮಾತ್ರ ಎಲ್ಲರೂ ಎದ್ದು ಕೂತ್ಕೊಳ್ತಾರೆ” ಎಂದರು. ಸಂಬಂಧಿಕರನ್ನು ಮಾತ್ರವೋ? “ಸಂಬಂಧ ಯಾರು ನೋಡ್ತಾರೆ? ಊರು ಕೇಳ್ತಾರೆ, ಭಾಷೆ ಕೇಳ್ತಾರೆ. ಎರಡು ತಿಂಗಳು ಒಟ್ಟಿಗೆ ಉಂಡರೆ ಅವನೂ ನಮ್ಮವನೇ.”

ಕಣಜದ ವಿಷಯದಲ್ಲಿ ಬೆಂಗಳೂರಿನ ಪ್ರಯೋಗಗಳು ಹೇಳುವುದು ಬಹುಮಟ್ಟಿಗೆ ಇದನ್ನೇ. ಗೂಡಿನವರು ಯಾರು, ಹೊರಗಿನವರು ಯಾರು ಎಂದು ಕಣಜಕ್ಕೆ ಗೊತ್ತು. ಆದರೆ ಆ ತಿಳಿವಳಿಕೆ ರಕ್ತದಲ್ಲಿ ಬಂದದ್ದಲ್ಲ. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೋಶದಿಂದ ಹೊರಬಂದ ಕೂಡಲೇ ಗೂಡಿನಿಂದಲೂ ಗೂಡಿನವರಿಂದಲೂ ಬೇರ್ಪಡಿಸಿ ಸಾಕಿದ ಕಣಜಗಳು ತಮ್ಮವರನ್ನು ಗುರುತಿಸಲಾರದೆ ಹೋದವು. ಹುಟ್ಟಿದ ಮೇಲೆ ಗೂಡಿನ ಒಡನಾಟ ಸಿಕ್ಕಿದ್ದವು ಗುರುತಿಸಿದವು. ಗುರುತು ಬರುವುದು ಗೂಡಿನಿಂದ, ಮೈಗೆ ಹತ್ತಿದ ಅಲ್ಲಿನ ವಾಸನೆಯಿಂದ. ಹಾಗಿರುವಾಗ ಒಂದೇ ಗೂಡಿನೊಳಗೆ ‘ಇವಳು ನನ್ನ ತಂಗಿ, ಅವಳು ದೂರದ ನೆಂಟಳು’ ಎಂದು ಬೇರ್ಪಡಿಸುವ ದಾರಿಯೇ ಇಲ್ಲ. 1997ರ ಇನ್ನೊಂದು ಅಧ್ಯಯನದಲ್ಲಿ ಪರಗೂಡಿನ ಕಣಜಗಳನ್ನು ತಂದುಬಿಟ್ಟರು. ಹುಟ್ಟಿ ಕೆಲವೇ ದಿನವಾದ ಎಳೆಯವನ್ನು ಗೂಡಿನವರು ಸೇರಿಸಿಕೊಂಡರು, ಬಲಿತವನ್ನು ಸೇರಿಸಲಿಲ್ಲ. ಸೇರಿದವು ಅಲ್ಲಿಯವೇ ಎಂಬಂತೆ ದುಡಿದವು. ಅಂಥ ಪರದೇಶಿಗಳಲ್ಲಿ ಕೆಲವು ಮುಂದೆ ರಾಣಿಯೂ ಆದವು!

ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದಿಲ್ಲ. ಮಾವ ಕಣಜವಲ್ಲ, ಕಣಜಕ್ಕೆ ಪಗಾರವಿಲ್ಲ. ಆದರೆ ವಿಜ್ಞಾನದ ದೃಷ್ಟಿಯಿಂದ ಇದರ ಪರಿಣಾಮ ಸಣ್ಣದಲ್ಲ. ಸೇರಿಸಿಕೊಳ್ಳುವ ನಿಯಮ ‘ರಕ್ತ’ ಎಂದಿದ್ದರೆ ನೆರವೆಲ್ಲ ಬಂಧುಗಳಿಗೇ ಹೋಗುತ್ತಿತ್ತು. ನಿಯಮ ‘ವಾಸನೆ ಮತ್ತು ಎಳೆತನ’ ಎಂದಿರುವುದರಿಂದ ನೆರವು ಗೂಡಿಗೆ ಹೋಗುತ್ತದೆ. ಬಾಗಿಲಲ್ಲಿ ಯಾರನ್ನು ತಡೆಯುತ್ತಾರೆ ಎಂಬುದರ ಮೇಲೆ ಒಳಗೆ ಯಾವ ಗುಣಕ್ಕೆ ಬೆಲೆ ಬರುತ್ತದೆ ಎಂಬುದು ನಿಂತಿದೆ.

ಇನ್ನು ರಾಣಿಯ ವಿಷಯ. ನಮ್ಮ ಕಿಟಕಿಯಲ್ಲಿ ಒಂದು ಕಣಜ ಎಲ್ಲರ ಮೇಲೂ ಎಗರಾಡುತ್ತಿತ್ತು. ಬಂದವರನ್ನು ಕಚ್ಚುವುದು, ಮೇಲೆ ಹತ್ತಿ ಕೂರುವುದು. ಇವಳೇ ರಾಣಿ ಎಂದು ನಾನು ಮೂರು ಪುಟ ಬರೆದಿದ್ದೆ. ಆರನೆಯ ದಿನ ಮೊಟ್ಟೆಯಿಡುವುದನ್ನು ಕಣ್ಣಾರೆ ಕಂಡೆ: ಇಟ್ಟದ್ದು ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಒಂದು ಬಡಪಾಯಿ! ಮೂರು ಪುಟ ಹೊಡೆದು ಹಾಕಿದೆ. ಆಮೇಲೆ ಓದಿದರೆ, 1983ರಲ್ಲೇ ಗದಗಕರ್ ಮತ್ತು ಜೋಷಿ ಇದನ್ನು ದಾಖಲಿಸಿದ್ದಾರೆ. ಅವರು ಗೂಡಿನ ಕಣಜಗಳನ್ನು ಕೂರುವವು, ಜಗಳಾಡುವವು, ಹೊರಗೆ ದುಡಿಯುವವು ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಮಾರ್ಜಿನೇಟಾದ ರಾಣಿ ಕೂರುವವರ ಪೈಕಿ. ತಾನಿದ್ದೇನೆ ಎಂಬುದನ್ನು ಅದು ಮೈಯ ಒಂದು ಗ್ರಂಥಿಯಿಂದ ಬರುವ ವಾಸನೆಯ ಮೂಲಕವೇ ಸಾರುತ್ತದೆ. ಆಶ್ಚರ್ಯವೆಂದರೆ ಇದೇ ಕುಲದ, ಬೆಂಗಳೂರಿನಲ್ಲೇ ಸಿಗುವ ರೋಪಲಿಡಿಯಾ ಸಯಾಥಿಫಾರ್ಮಿಸ್ ಎಂಬ ಇನ್ನೊಂದು ಜಾತಿಯಲ್ಲಿ ರಾಣಿಯೇ ಎಲ್ಲರಿಗಿಂತ ಜಗಳಗಂಟಿ.

ಮಾರ್ಜಿನೇಟಾದ ರಾಣಿಯನ್ನು ತೆಗೆದುಬಿಟ್ಟರೆ ಏನಾಗುತ್ತದೆ? ಸ್ವಲ್ಪ ಹೊತ್ತಿನಲ್ಲೇ ಒಂದು ಕೆಲಸಗಾರ ಕಣಜ ರೌದ್ರಾವತಾರ ತಾಳುತ್ತದೆ. ಕ್ರಮೇಣ ತಣ್ಣಗಾಗಿ, ಕೆಲವು ದಿನಗಳಲ್ಲಿ ಮೊಟ್ಟೆಯಿಡತೊಡಗುತ್ತದೆ. ಮುಂದಿನವಳು ಯಾರೆಂದು ಹೊರಗಿನಿಂದ ನೋಡುವ ನಮಗೆ ಮೊದಲೇ ಗೊತ್ತಾಗುವುದಿಲ್ಲ. ಹುಳಗಳಿಗೆ ಗೊತ್ತೇ? 2008ರಲ್ಲಿ ಅನಿಂದಿತಾ ಭದ್ರ ಮತ್ತು ಗದಗಕರ್ ಗೂಡನ್ನು ಎರಡು ಹೋಳು ಮಾಡಿ ನಡುವೆ ಜಾಲರಿ ಇಟ್ಟು, ರಾಣಿಯನ್ನು ಅತ್ತಿಂದಿತ್ತ ಬದಲಿಸಿ ನೋಡಿದರು. ಎರಡೂ ಹೋಳಿನವರು ಒಪ್ಪುವ ಉತ್ತರಾಧಿಕಾರಿ ಒಬ್ಬಳೇ ಇದ್ದಳು, ಅವಳನ್ನು ಯಾರೂ ಎದುರಿಸಲಿಲ್ಲ. 2012ರಲ್ಲಿ ಅಲೋಕ್ ಬಂಗ್ ಮತ್ತು ಗದಗಕರ್ ಒಬ್ಬಳಾದ ಮೇಲೊಬ್ಬಳಂತೆ ತೆಗೆಯುತ್ತ ಹೋದರು. ಪ್ರತಿ ಬಾರಿಯೂ ದೊಡ್ಡ ಕಾಳಗವಿಲ್ಲದೆ ಮುಂದಿನವಳು ಬಂದಳು. ಸರತಿಯ ಸಾಲೇ ಇತ್ತು. ನಮ್ಮ ರೇಶನ್ ಅಂಗಡಿಯಲ್ಲೂ ಇಷ್ಟು ಶಿಸ್ತು ಕಂಡಿಲ್ಲ.

ಇದರಿಂದ ನನಗೆ ತೋಚಿದ್ದನ್ನು ಹೇಳುತ್ತೇನೆ. ಇದು ನನ್ನ ಅಭಿಪ್ರಾಯ, ಪರೀಕ್ಷೆಯಲ್ಲಿ ಬರೆಯಬೇಡಿ. ಕೆಲಸಗಾರರು ಬಿಟ್ಟು ಹೋಗಬಲ್ಲ ಸ್ವತಂತ್ರರಾಗಿರುವಾಗ ಸದಾ ಕಚ್ಚುವ ರಾಣಿಗೆ ಲಾಭವಿಲ್ಲ. ಜಗಳಗಂಟಿತನ ಒಳ್ಳೆಯ ಗುಣವೋ ಕೆಟ್ಟ ಗುಣವೋ ಎಂದು ಆ ಗುಣವನ್ನೊಂದೇ ಹಿಡಿದು ತೂಗಲು ಬರುವುದಿಲ್ಲ. ಪಕ್ಕದವರು ಎದ್ದು ಹೋಗಬಲ್ಲರೇ ಎಂಬುದೂ ತಕ್ಕಡಿಯಲ್ಲಿರಬೇಕು.

ಈ ಮಾತನ್ನೇ ನೇರವಾಗಿ ಪರೀಕ್ಷಿಸಿದ ಪ್ರಯೋಗ ಬೇರೊಂದು ಕೀಟದ ಮೇಲೆ ನಡೆದಿದೆ. ಕೆರೆಯ ಅಂಚಿನಲ್ಲಿ ನೀರ ಮೇಲೆ ಉದ್ದ ಕಾಲು ಚಾಚಿ ಜಾರುತ್ತ ಹೋಗುವ ಹುಳ ಎಲ್ಲರೂ ನೋಡಿದ್ದೇ. ಅಮೆರಿಕದ ಅಂಥದೊಂದು ಜಾತಿಯ ಮೇಲೆ ಒಮರ್ ಎಲ್ಡಕರ್, ಡೇವಿಡ್ ಸ್ಲೋನ್ ವಿಲ್ಸನ್ ಮುಂತಾದವರು ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಈ ಹುಳದ ಗಂಡುಗಳಲ್ಲಿ ಕೆಲವು ವಿಪರೀತ ಪುಂಡ, ಹೆಣ್ಣನ್ನು ಕ್ಷಣ ಬಿಡದೆ ಪೀಡಿಸುವಂಥವು; ಕೆಲವು ಸಾಧು. ಒಂದೇ ಗುಂಪಿನಲ್ಲಿ ಕೂಡಿಹಾಕಿದರೆ ಪುಂಡನಿಗೇ ಹೆಚ್ಚು ಕೂಟ ದಕ್ಕುತ್ತದೆ. ಹಾಗಾದರೆ ಪುಂಡತನ ಗೆದ್ದಿತು ಎನ್ನಬೇಕಷ್ಟೆ? ಕೊಳಗಳ ನಡುವೆ ಓಡಾಡಲು ದಾರಿ ಬಿಟ್ಟರು. ಹೆಣ್ಣುಗಳು ಪುಂಡರಿದ್ದ ಕಡೆಯಿಂದ ಕಾಲು ಕಿತ್ತು ಸಾಧುಗಳಿದ್ದಲ್ಲಿಗೆ ಹೋಗಿ ಸೇರಿದವು. ಒಳಗೆ ಗೆದ್ದವನ ಸುತ್ತ ಈಗ ಹೆಣ್ಣೇ ಇಲ್ಲ. ಗಂಡುಗಳ ಗುಣ ಬದಲಾಗಿರಲಿಲ್ಲ, ನೀರೂ ಬದಲಾಗಿರಲಿಲ್ಲ. ಬಾಗಿಲು ತೆರೆದಿತ್ತು, ಅಷ್ಟರಿಂದಲೇ ನಿಸರ್ಗದ ಆಯ್ಕೆಯ ಗಾಳಿ ದಿಕ್ಕು ಬದಲಿಸಿತು.

ಹದಿಮೂರನೆಯ ದಿನ ನಾನು ಕಾಲೇಜಿನಿಂದ ಬರುವಾಗ ಗೂಡು ಇರಲಿಲ್ಲ. ಎರಡು ದಿನ ಮುಂಚೆಯೇ ಔಷಧಿ ಹೊಡೆಯುವವನು ಬಂದು ಹೋಗಿದ್ದ. ಅವನಿಗೆ ಆ ಕಡೆ ಬೇರೆ ಕೆಲಸವಿತ್ತಂತೆ, ಹಾಗೇ ಇದನ್ನೂ ಮುಗಿಸಿದನಂತೆ. ಕಿಟಕಿಯ ಕಟ್ಟೆಯ ಮೇಲೆ ಹನ್ನೆರಡು ಕಣಜ ಸತ್ತು ಬಿದ್ದಿದ್ದವು. ಅಮ್ಮ ಗುಡಿಸದೆ ನನಗಾಗಿ ಹಾಗೇ ಇಟ್ಟಿದ್ದಳು. ನನಗೆ ಸಿಟ್ಟು ಬಂತು. ಆದರೆ ಯಾರ ಮೇಲೆ ಎಂದು ಹೊಳೆಯಲಿಲ್ಲ. ಆ ಹುಡುಗನ ಕೈ ಊದಿದ್ದನ್ನು ನಾನೂ ನೋಡಿದ್ದೆ.

ಸಂಜೆ ಹೊರಗಿನಿಂದ ಒಂದೊಂದಾಗಿ ಬಂದವು. ಔಷಧಿ ಹೊಡೆಯುವಾಗ ಬೇಟೆಗೆ ಹೋಗಿದ್ದವು ಇರಬೇಕು. ತೊಟ್ಟು ಇದ್ದ ಜಾಗದ ಸುತ್ತ ಸುತ್ತಿ, ಸಜ್ಜಾದ ಇನ್ನೊಂದು ಮೂಲೆಗೆ ಹೋಗಿ ಕೂತವು. ಕತ್ತಲಾಗುವಾಗ ಎಣಿಸಿದೆ, ಐದು. ಒಂದರ ಬಾಯಲ್ಲಿ ಕಂಬಳಿಹುಳದ ಉಂಡೆ ಹಾಗೇ ಇತ್ತು. ತಿನ್ನಿಸಲು ಮರಿಗಳಿಲ್ಲ. ಮಾರನೆಯ ದಿನ ನಾಲ್ಕು. ಒಂದು ಒಂಟಿಯಾಗಿ ಎಲ್ಲಿಗೋ ಹೋಗಿತ್ತು. ಉಳಿದ ನಾಲ್ಕು ಮೈಗೆ ಮೈ ತಾಗಿಸಿ ಕೂತಿದ್ದವು.

ಈಗ ಎಂಟು ದಿನವಾಯಿತು. ಆ ಮೂಲೆಯಲ್ಲಿ ಒಂದು ಕಪ್ಪು ತೊಟ್ಟು, ಅದರ ತುದಿಗೆ ಮೂರು ಕೋಣೆ. ಮೂರು ಕಣಜ ಹೋಗಿ ಬಂದು ಮಾಡುತ್ತವೆ, ಒಂದು ಕೂತಿರುತ್ತದೆ. ಮಾವಶಿಗೆ ಇನ್ನೂ ಹೇಳಿಲ್ಲ. ಅಮ್ಮ ಬಟ್ಟೆ ಒಣಗಿಸುವ ಹಗ್ಗವನ್ನು ಒಂದು ಮೊಳ ಈಚೆಗೆ ಕಟ್ಟಿದ್ದಾಳೆ.